ಗೋಡೆಯ ಮೇಲಿನ ಕೆಂಪು ಪದ

ಹಸಿ ಪೇಂಟಿನ ವಾಸನೆ ಬಂದರೆ ಈಗಲೂ ಹಲಸೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ನಾನು ಒಳಗೆ ಕೂತು ನೆನೆದ ಅವರೆಕಾಳು ಹಿಸುಕುತ್ತಿದ್ದೆ. ಪಕ್ಕದ ಸೈಟಿನಲ್ಲಿ ಪಾಯ ಅಗೆಯುತ್ತಿದ್ದರು. ಯಾರೋ ಆಫೀಸಿನವರು ಬಂದು ನಮ್ಮ ಹೊರಗೋಡೆಯ ಮೇಲೆ ಕೆಂಪಕ್ಷರದಲ್ಲಿ ‘ವಲ್ನರಬಲ್’ ಎಂದು ಇಂಗ್ಲಿಷಿನಲ್ಲಿ ಬರೆದು ಹೋದರು.

“ಜನಗಣತಿಯೋರು ಬರೆದಿರ್ತಾರೆ ಬಿಡೆ,” ಎಂದಳು ಅಮ್ಮ.

ನಾನು ಡಿಕ್ಷನರಿ ತೆಗೆದು ನೋಡಿದೆ. “ಸುಲಭವಾಗಿ ಪೆಟ್ಟಾಗೋದು ಅಂತಮ್ಮ. ಕಾಪಾಡೋರಿಲ್ಲದ ಮಕ್ಕಳಿಗೂ ಹಿಂಗೇ ಅಂತಾರಂತೆ.”

“ಗೋಡೆಗೂ ಅಂತಾರಾ?”

ಅಷ್ಟರಲ್ಲಿ ಅದೇ ಗೋಡೆಯ ಒಳಮೈಯಿಂದ ಸುಣ್ಣದ ಚೂರು ಉದುರಿ, ಪಕ್ಕದಲ್ಲಿ ಮಲಗಿದ್ದ ಪುಟ್ಟ ತಮ್ಮನ ಹಣೆಯ ಮೇಲೆ ಬಿತ್ತು. ಅಮ್ಮ ಅವನನ್ನು ಚಾಪೆಯ ಸಮೇತ ಬಾಗಿಲ ಬಳಿಗೆ ಎಳೆದಳು.

“ಸದ್ಯ, ಎಚ್ಚರ ಆಗ್ಲಿಲ್ಲ. ದೇವರು ದೊಡ್ಡೋನು.”

ಪಕ್ಕದಲ್ಲಿ ಅಗೆಯುವ ಸದ್ದು ನಿಂತಿರಲಿಲ್ಲ. ನನ್ನ ಪಾತ್ರೆಯಲ್ಲೂ ಸುಣ್ಣದ ಚೂರುಗಳು ತೇಲುತ್ತಿದ್ದವು. ತಮ್ಮನ ಪಕ್ಕ ಬಾಗಿಲಲ್ಲಿ ಕೂತು ಅವರೆಕಾಳನ್ನು ಮತ್ತೆ ತೊಳೆಯತೊಡಗಿದೆ.