ಮೂಲೆಯ ಹೂವು

ಆ ಆರ್ಟ್ ಗ್ಯಾಲರಿಯ ಗೋಡೆಗಳ ತುಂಬ ಬತ್ತಲೆ ಹೆಂಗಸರ ಚಿತ್ರಗಳಿದ್ದವು. ಬರೆದವರೆಲ್ಲ ಗಂಡಸರು. "ನಮ್ಮ ಮೈ ತೂಗುಹಾಕಿದ್ದು ಸಾಕು, ನಮ್ಮ ಕೆಲಸ ತೂಗುಹಾಕಿ" ಎಂದು ಕಲಾವಿದೆ ಮಂದಾಕಿನಿ ಗೆಳತಿಯರ ಜೊತೆ ಬಾಗಿಲಲ್ಲೇ ಧರಣಿ ಕೂತಳು, ಕೊನೆಗೂ ಗೆದ್ದಳು.

ಹೆಂಗಸರ ಮೊದಲ ಪ್ರದರ್ಶನವನ್ನು ಅವಳೇ ಜೋಡಿಸಿದಳು. ನಡುಗೋಡೆಯಲ್ಲಿ ಹಳಿಯಾಳದ ಕಾಡಂಚಿನ ಸಿದ್ದಿ ಹೆಂಗಸು ಜುಲಿಯಾನಾ ಹೊಲಿದ ಕೌದಿ. ಉದ್ಘಾಟನೆಯ ದಿನ ಜುಲಿಯಾನಾಳಿಗೆ ಶಾಲು ಹೊದಿಸಿ, ಕೌದಿಯ ಪಕ್ಕದಲ್ಲೇ ನಿಲ್ಲಿಸಿದರು.

ಅವಳು ಕ್ಯಾಮೆರಾ ಕಡೆ ನೋಡಲೇ ಇಲ್ಲ. "ನಾಕೂ ಮೂಲಿಗೆ ಬಟ್ಟೆ ಹೂವು ಹೊಲಿದಿದ್ದೆ. ಎಲ್ಲಿ ಹೋದ್ವು ಅಕ್ಕಾರ?"

"ಫ್ರೇಮಿಗೆ ಅಡ್ಡ ಬರ್ತಿದ್ವು," ಎಂದಳು ಮಂದಾಕಿನಿ. "ಕತ್ತರಿಸಿ ತೆಗೆಸಿದೆ."

"ನನ್ನ ಒಂದು ಮಾತು ಕೇಳಬೇಕಿತ್ತು."

"ಅಯ್ಯೋ, ನಾಲ್ಕು ಚಿಂದಿ ಕಣಮ್ಮ! ನಿಮ್ಮ ಜನರ ಕೆಲಸ ಇಂಥ ಗೋಡೆಗೆ ಏರಿದ್ದೇ ಇದು ಮೊದಲು. ಸ್ವಲ್ಪ ನಗು, ಫೋಟೊ ತೆಗೀತಿದಾರೆ."

ಜುಲಿಯಾನಾ ನಗಲಿಲ್ಲ. ಹೆಗಲ ಮೇಲಿನ ಸನ್ಮಾನದ ಶಾಲು ತೆಗೆದು, ಕೌದಿ ಪೂರ್ತಿ ಮುಚ್ಚುವಂತೆ ಫ್ರೇಮಿನ ಮೇಲೆ ಇಳಿಬಿಟ್ಟಳು.

"ಹೂವಿಲ್ಲದ ಕೌದಿಗೆ ನಮ್ಮಲ್ಲಿ ಬತ್ತಲೆ ಅಂತಾರ್ರೀ, ಅಕ್ಕಾರ."