ಬೆರಳಗಲ

ಮೇಷ್ಟ್ರು ಕೊನೆಯ ಚಿತ್ರವನ್ನೂ ಗೋಡೆಯತ್ತ ಮುಖಮಾಡಿಸಿ ನಿಲ್ಲಿಸಿದರು. ಆ ಚಿತ್ರಶಾಲೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಬೈದರೆ ತಿದ್ದಿಕೊಳ್ಳಬಹುದು, ಬೆನ್ನು ತೋರಿಸಿ ನಿಂತ ಚಿತ್ರದೊಡನೆ ಮಾತು ಮುಂದುವರಿಸುವುದು ಹೇಗೆ? ಕೊನೆಯ ವರ್ಷದ ವಿದ್ಯಾರ್ಥಿನಿ ತನ್ನ ಒಂದು ವರ್ಷದ ದುಡಿಮೆಯ ಹಿಂಬದಿಯನ್ನು, ಅದರ ಮರದ ಪಟ್ಟಿ ಮತ್ತು ಮೊಳೆಗಳನ್ನು ನೋಡುತ್ತ ನಿಂತಳು.

"ಕೈ ಚೆನ್ನಾಗಿದೆ ಕಣಮ್ಮಾ," ಎಂದರು ಮೇಷ್ಟ್ರು. "ಆದ್ರೆ ಯಾರ ಕೈ? ಒಂದರಲ್ಲಿ ಚೂರಿಯಿಂದ ಬಣ್ಣ ಮೆತ್ತಿದೀಯ. ಇನ್ನೊಂದರಲ್ಲಿ ಸ್ಪಂಜು ಒತ್ತಿದೀಯ. ಅದು ಚಿಂದಿಬಟ್ಟೇಲಿ ಒರೆಸಿದ್ದು, ಇದು ಅಂಗೈಲಿ ತಿಕ್ಕಿದ್ದು. ಒಂದೇ ಕೋಣೇಲಿ ನಾಲ್ಕು ಜನ ಬಾಡಿಗೆಗೆ ಇದ್ದಂಗಿದೆ. ಪ್ರದರ್ಶನದ ಗೋಡೇನ ನಾನು ಯಾರಿಗೆ ಬಿಟ್ಟುಕೊಡ್ಲಿ?"

"ಪ್ರಯೋಗ ಮಾಡು ಅಂದಿದ್ದು ನೀವೇ ಅಲ್ವಾ, ಸರ್?"

"ಮಾಡು ಅಂದೆ. ಅದರೊಳಗೇ ಕಳೆದುಹೋಗು ಅನ್ಲಿಲ್ಲ." ಬಾಗಿಲವರೆಗೆ ಹೋದವರು ತಿರುಗಿದರು. "ಅಂದಹಾಗೆ, ಈ ಕೊನೇದರಲ್ಲಿ ಜನರ ಸುತ್ತ ಬರೀ ಬಿಳಿ ಬಿಟ್ಟಿದೀಯಲ್ಲ, ಯಾಕೆ? ಬಣ್ಣಕ್ಕೆ ಬರ ಬಂತಾ? ಸೋಮವಾರ ಒಂದೇ ಒಂದು ಚಿತ್ರ ತಗೊಂಡು ಬಾ. ಅದೂ ನಿಂದು ಅನ್ನಿಸ್ಲಿಲ್ಲ ಅಂದ್ರೆ ಪ್ರದರ್ಶನ ಬರೋ ವರ್ಷ ನೋಡೋಣ."

ಮನೆಯ ಮುಂದಿನ ಕೋಣೆಯೇ ಅಪ್ಪನ ಹೊಲಿಗೆ ಅಂಗಡಿ. ಭಾನುವಾರ ಅಂಗಡಿಗೆ ರಜೆ, ಹಾಗಾಗಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಅವಳದು. ಈ ಸಲ ಚೂರಿಯಿಲ್ಲ, ಸ್ಪಂಜಿಲ್ಲ, ಬರಿಯ ಕುಂಚ. ಬಸ್ಸಿಗೆ ಕಾದು ಬೆಂಚಿನ ಮೇಲೆ ಕುಳಿತ ಹೆಂಗಸು, ಅವಳ ಮೊಣಕಾಲಿಗೆ ಒರಗಿದ ಮಗು. ಚಿತ್ರ ಮುಗಿಯುತ್ತ ಬಂದಾಗ ನೋಡುತ್ತಾಳೆ: ಇಲ್ಲೂ ಅದೇ. ಹೆಂಗಸಿಗೂ ಹಿಂದಿನ ಗೋಡೆಗೂ ನಡುವೆ, ಮಗುವಿನ ಸುತ್ತ, ಬಣ್ಣ ತಾಗದೆ ಉಳಿದ ಕ್ಯಾನ್ವಾಸಿನ ಪಟ್ಟಿ. ಕೈ ಯಾವಾಗ ಅಲ್ಲಿ ನಿಂತಿತೋ ಅವಳಿಗೇ ತಿಳಿದಿರಲಿಲ್ಲ. ಮೇಷ್ಟ್ರ ಕುಹಕ ಕಿವಿಯಲ್ಲಿತ್ತು. ಕಂದು ಬಣ್ಣ ಕಲಸಿ ಪಟ್ಟಿಯುದ್ದಕ್ಕೂ ತುಂಬಿದಳು. ಹೆಂಗಸು, ಮಗು, ಬೆಂಚು, ಗೋಡೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡವು, ಪುಸ್ತಕದ ನಡುವೆ ಇಟ್ಟು ಮರೆತ ಎಲೆಗಳ ಹಾಗೆ.

ಕತ್ತರಿ ಹುಡುಕುತ್ತ ಬಂದ ಅಪ್ಪ ಮೇಜಿನ ಬಳಿ ನಿಂತುಬಿಟ್ಟರು.

"ಅಯ್ಯೋ, ಮುಚ್ಚಿಬಿಟ್ಯಾ?"

"ಏನನ್ನ?"

"ಹೊಲಿಗೆಗೆ ಅಂತ ಬಿಟ್ಟಿದ್ದನ್ನ."

ಅವಳು ಕುಂಚ ಎತ್ತಿ ಹಿಡಿದು ಅಪ್ಪನ ಮುಖ ನೋಡಿದಳು. ತಮಾಷೆಯ ಸುಳಿವೇ ಇರಲಿಲ್ಲ. "ಅಪ್ಪಾ, ಇದು ಬಟ್ಟೆ ಅಲ್ಲ. ಇದನ್ನ ಯಾರೂ ಹೊಲಿಯಲ್ಲ."

"ಅಷ್ಟೂ ತಿಳಿಯಲ್ವೇನೇ ನಂಗೆ?" ಅಪ್ಪ ನಾಚಿಕೊಂಡರು. "ನೀನು ಎಲ್ಲದಕ್ಕೂ ಬಿಡ್ತಿದ್ಯಲ್ಲ. ಆ ಚೂರೀದಕ್ಕೂ, ಸ್ಪಂಜಿಂದಕ್ಕೂ. ನಿಮ್ಮ ಶಾಲೇಲಿ ಹಂಗೇ ಹೇಳ್ಕೊಡ್ತಾರೆ ಅಂದ್ಕೊಂಡಿದ್ದೆ. ಸರಿಯಾಗಿ ಬೆರಳಗಲ. ನಾನೂ ಅಷ್ಟೇ ಬಿಡೋದು."

ಅವಳು ಗೆರೆ ಎಳೆಯಲು ಕಲಿತದ್ದು ಅದೇ ಮೇಜಿನ ಕೆಳಗೆ, ಕತ್ತರಿಸಿ ಉಳಿದ ತುಂಡುಗಳ ಮೇಲೆ, ಅಪ್ಪ ಸವೆಸಿ ಬಿಸಾಡಿದ ಸೀಮೆಸುಣ್ಣದಿಂದ. ಆ ತುಂಡುಗಳಲ್ಲಿ ಹೊಲಿಗೆಯ ಪ್ರತಿ ಗೆರೆಗೂ ಹೊರಗಡೆ, ಕತ್ತರಿಸಲೆಂದು ಎಳೆದ ಇನ್ನೊಂದು ಗೆರೆ ಇರುತ್ತಿತ್ತು. ಅವಳು ಚೂರಿ ತೆಗೆದುಕೊಂಡು ಹಸಿ ಬಣ್ಣವನ್ನು ಕೆರೆಯತೊಡಗಿದಳು. ಕ್ಯಾನ್ವಾಸು ಮರಳಿ ಕಾಣಿಸಿತು. ಮೊದಲಿನ ಬಿಳುಪು ಬರಲಿಲ್ಲ. ನೂಲಿನ ಸಂದುಗಳಲ್ಲಿ ಕಂದು ಉಳಿದುಕೊಂಡಿತು. ಹೆಂಗಸು ಗೋಡೆಯಿಂದ ಬಿಡಿಸಿಕೊಂಡು ಉಸಿರಾಡಿದಳು.

ಅಪ್ಪ ಕತ್ತರಿ ಮರೆತು ನೋಡುತ್ತಿದ್ದರು. "ಮಗೂಗೆ ಇನ್ನೊಂಚೂರು ಜಾಸ್ತಿ ಬಿಡು."

"ಯಾಕೆ?"

"ಬೆಳೆಯೋ ಮಗು ಅಲ್ವಾ? ಒಳಗೆ ಬಟ್ಟೆ ಇದ್ರೆ, ನಾಳೆ ಬಿಚ್ಚಿ ದೊಡ್ಡದು ಮಾಡ್ಬೋದು."

"ಅಪ್ಪಾ, ನೀನು ಹೋಗಪ್ಪಾ!"

ಅವರು ಹೋದ ಮೇಲೆ ಅವಳು ಚೂರಿಯನ್ನು ಒರೆಸಿಕೊಂಡಳು. ಆಮೇಲೆ ಮಗುವಿನ ಸುತ್ತಲಿನ ಪಟ್ಟಿಯನ್ನು ಇನ್ನಷ್ಟು ಅಗಲಕ್ಕೆ ಕೆರೆದಳು. ಇಷ್ಟು ದಿನ ಕೈ ತಾನಾಗಿ ನಿಲ್ಲುತ್ತಿತ್ತು. ಇಂದು ಅವಳು ನಿಲ್ಲಿಸಿದಳು.

ಸೋಮವಾರ ಮೇಷ್ಟ್ರು ಚಿತ್ರದ ಮುಂದೆ ನಿಂತರು. ಅಭ್ಯಾಸಬಲದಿಂದ ಅವರ ಕೈ ಚೌಕಟ್ಟಿನ ಅಂಚನ್ನು ಹಿಡಿಯಿತು, ತಿರುಗಿಸಲಿಲ್ಲ. ಹೆಂಗಸಿನ ಭುಜದ ಹೊರಗಿದ್ದ ಪಟ್ಟಿಯ ಮೇಲೆ ತೋರುಬೆರಳನ್ನು ಒರಗಿಸಿದರು. ಅಳತೆ ತೆಗೆದು ಬಿಟ್ಟಂತೆ ಬೆರಳು ಅಲ್ಲಿ ಕೂತಿತು. ಮಗುವಿನ ಬಳಿ ಬಂದಾಗ ಬೆರಳಿನ ಇಕ್ಕೆಲದಲ್ಲೂ ಜಾಗ ಉಳಿಯಿತು.

"ಇಲ್ಲಿ ಮಾತ್ರ ಯಾಕೆ ಜಾಸ್ತಿ?"

"ಬೆಳೆಯೋ ಮಗು, ಸರ್."

ಮೇಷ್ಟ್ರು ನಗಲಿಲ್ಲ. ಗೋಡೆಯ ಬಳಿ ಹೋಗಿ, ಬೆನ್ನು ತೋರಿಸಿ ನಿಂತಿದ್ದ ಚಿತ್ರಗಳನ್ನು ಒಂದೊಂದಾಗಿ ಈಚೆಗೆ ತಿರುಗಿಸಿದರು. ಚೂರಿಯದು, ಸ್ಪಂಜಿನದು, ಚಿಂದಿಬಟ್ಟೆಯದು, ಅಂಗೈಯದು. ಪ್ರತಿಯೊಂದರ ಮುಂದೆಯೂ ಬಗ್ಗಿ, ಅಲ್ಲಿದ್ದ ಜನರ ಸುತ್ತ ಅದೇ ಬೆರಳನ್ನು ನಿಧಾನವಾಗಿ ನಡೆಸಿದರು. ಎಲ್ಲಿಯೂ ಅದು ಬಣ್ಣಕ್ಕೆ ತಾಗಲಿಲ್ಲ.