ಇಪ್ಪತ್ತಮೂರು ಭೇಟಿ

ದ್ಯಾಮಣ್ಣನಿಗೆ ಸಂಬಳವಿರಲಿಲ್ಲ. ಉಚಿತ ಕಾನೂನು ನೆರವಿನ ಕಚೇರಿಗೆ ಅವನು ಸ್ವಯಂಸೇವಕ. ಓಡಾಡಿದ ದಿನಕ್ಕೆ ಐನೂರು ರೂಪಾಯಿ ಗೌರವಧನ, ಓಡಾಡದ ದಿನಕ್ಕೆ ಏನೂ ಇಲ್ಲ.

ಅಂಥವನು ಒಂದೇ ಹೆಸರಿನ ಮೇಲೆ ಇಪ್ಪತ್ತಮೂರು ದಿನ ಬರೆದಿದ್ದ: 'ಬಸವಣ್ಣೆಮ್ಮ, ಪಿಂಚಣಿ.' ಪ್ರತಿ ಬಿಲ್ಲಿಗೂ ಎರಡೆರಡು ಬಸ್ ಟಿಕೆಟ್ ಅಂಟಿಸಿದ್ದ. ಒಂದು ತನ್ನದು, ಇನ್ನೊಂದು ಹೆಂಗಸರ ಉಚಿತ ಟಿಕೆಟ್.

ಕಚೇರಿಯ ಲೆಕ್ಕ ನೋಡುವ ಕಲ್ಲೇಶ ಕಂಪ್ಯೂಟರಿನಲ್ಲಿ ಆ ಹೆಸರು ಹುಡುಕಿದ. ಬಸವಣ್ಣೆಮ್ಮ ತೀರಿಕೊಂಡು ಎರಡು ವರ್ಷವಾಗಿದೆ ಎಂದಿತ್ತು.

ಅವನಿಗೆ ನಗು ಬಂತು. ಈ ಯೋಜನೆಗೆ ಸುರಿದ ಸರಕಾರದ ದುಡ್ಡು ಎಲ್ಲಿ ಸೋರುತ್ತದೆ ಎಂದು ಮೇಲಿನವರು ಕೇಳುತ್ತಲೇ ಇದ್ದರು. ತೂತು ಸಿಕ್ಕಿತ್ತು.

"ಏನಪಾ ದ್ಯಾಮಣ್ಣ, ಹೆಣಕ್ಕೂ ಬಸ್ಸಿನ್ಯಾಗ ಸೀಟ್ ಹಿಡೀತಿಯೇನ?"

ದ್ಯಾಮಣ್ಣ ನಗಲಿಲ್ಲ. "ಅರ್ಜಿ ಓದಿರೇನ್ರಿ ಸರ್?"

"ಅರ್ಜಿ ವಕೀಲರ ಕೆಲಸ. ನಂದು ಬಿಲ್ ನೋಡೋದು."

"ಹಂಗಾರ ಒಮ್ಮೆ ಹೋಗಿ ಆಕಿ ಮಾರಿ ನೋಡಿ ಬರ್ರಿ."

ಸತ್ತವಳ ಮುಖ ನೋಡಿ ಬಾ ಎನ್ನುವಷ್ಟು ಸೊಕ್ಕು! ಕಲ್ಲೇಶ ಮರುದಿನವೇ ಬಾಡಿಗೆ ಕಾರು ಮಾಡಿಕೊಂಡು ಹೊರಟ.

ತಳಕಲ್ ದಾಟಿದರೆ ಸಿಗುವ ಸಣ್ಣ ಹಳ್ಳಿ. ಬಸವಣ್ಣೆಮ್ಮನ ಮನೆ ಕೇಳಿದರೆ ಯಾರೋ ಕೈ ತೋರಿಸಿದರು. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಶೇಂಗಾ ಸುಲಿಯುತ್ತಿದ್ದಳು. ಕಾರು ಕಂಡು ಎದ್ದು ತಂಬಿಗೆಯಲ್ಲಿ ನೀರು ತಂದಳು.

"ಬರ್ರಿ ಸಾಹೇಬ್ರ. ಇವತ್ತರ ಬಂದ್ರಲ್ಲ."

"ನೀ ಯಾರಬೇ?"

"ಈ ಮನ್ಯಾಕಿನರಿ."

"ಬಸವಣ್ಣೆಮ್ಮನ ವಿಚಾರಣಿಗೆ ಬಂದೀನಿ. ಸತ್ತು ಎರಡು ವರ್ಷಾತು ಅಂತ ಕಂಪ್ಯೂಟರ್‌ದಾಗ ಐತಿ. ಹೌದಿಲ್ಲೋ?"

"ಹೌದ್ರಿ, ಎರಡು ವರ್ಷಾತು. ಪಿಂಚಣಿ ಪಗಾರ ನಿಂತಿದ್ದೂ ಅವಾಗಿಂದನ."

"ದ್ಯಾಮಣ್ಣ ಬರತಾನೇನ ಇಲ್ಲಿಗೆ?"

"ತಪ್ಪಸಂಗಿಲ್ರಿ. ಸತ್ತಾಕಿ ಸಲುವಾಗಿ ಯಾರ ಇಷ್ಟ ತಿರಗತಾರ, ನೀವ ಹೇಳ್ರಿ?" ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಯಾಕೆ ನಕ್ಕಳೆಂದು ಕಲ್ಲೇಶ ಕೇಳಲಿಲ್ಲ. ಬೇಕಾದದ್ದು ಸಿಕ್ಕಿತ್ತು. ಬಸವಣ್ಣೆಮ್ಮ ಮೃತಪಟ್ಟಿರುವುದು ನಿಜವೆಂದು ಅದೇ ಮನೆಯ ಹೆಂಗಸಿನ ಹೇಳಿಕೆ ಬರೆದುಕೊಂಡು ಮಸಿ ಡಬ್ಬಿ ತೆರೆದ.

ಮುದುಕಿ ಹೆಬ್ಬೆಟ್ಟು ಒತ್ತಿದಳು. ಯಾವತ್ತೋ ಕುಡುಗೋಲು ತಾಗಿದ ಗಾಯ ಆ ಬೆರಳನ್ನು ಅಡ್ಡ ಸೀಳಿತ್ತು. ಗುರುತಿನ ನಡುವೆ ಬಿಳಿ ಗೆರೆ ಉಳಿಯಿತು.

"ಇದರಿಂದ ಕೆಲಸ ಆಗತೈತೇನ್ರಿ?"

"ಆಗತೈತಿ," ಎಂದ ಕಲ್ಲೇಶ.

ಆಯಿತು. ದ್ಯಾಮಣ್ಣನ ಬಿಲ್ಲು ರದ್ದಾಯಿತು. ಮುಂದಿನ ತಿಂಗಳ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಸ್ವಯಂಸೇವಕನನ್ನು ತೆಗೆಯಲು ನೋಟಿಸು ಬೇಕಿಲ್ಲ. ಸರಕಾರಕ್ಕೆ ಹನ್ನೊಂದು ಸಾವಿರದ ಐನೂರು ಉಳಿಯಿತು. ಕಾರಿನ ಬಾಡಿಗೆ ಮೂರು ಸಾವಿರ ಬೇರೆ ಲೆಕ್ಕದಲ್ಲಿ ಹೋಯಿತು. ವರದಿಯ ಒಂದು ಪ್ರತಿಯನ್ನು ಕಲ್ಲೇಶ ಪಿಂಚಣಿ ಕೊಡುವ ಕಚೇರಿಗೂ ಕಳಿಸಿದ. ಕೆಲಸ ಅಚ್ಚುಕಟ್ಟಾಗಿರಬೇಕು.

ಎರಡು ತಿಂಗಳ ಮೇಲೆ ಆ ಕಚೇರಿಯಿಂದ ಹಳೆಯ ಅರ್ಜಿಯೊಂದು ವಾಪಸು ಬಂತು. ಮೇಲೆ ಕೆಂಪು ಮಸಿಯಲ್ಲಿ ಒಂದೇ ಸಾಲು: 'ತಮ್ಮದೇ ವರದಿ ಮರಣವನ್ನು ದೃಢಪಡಿಸಿರುವುದರಿಂದ ಅರ್ಜಿ ವಜಾ.'

ಕೆಳಗೆ ದ್ಯಾಮಣ್ಣನ ಅಕ್ಷರ. 'ನಾನು, ಬಸವಣ್ಣೆಮ್ಮ, ಸತ್ತಿಲ್ಲ. ಕಂಪ್ಯೂಟರಿನಲ್ಲಿ ಸತ್ತಳೆಂದು ತಪ್ಪಾಗಿ ಬರೆದಿದ್ದಾರೆ. ಅದನ್ನು ತಿದ್ದಿ ನನ್ನ ಪಗಾರ ಕೊಡಬೇಕು.' ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ನಡುವೆ ಬಿಳಿ ಗೆರೆ.

ತಿದ್ದಬೇಕಾದರೆ ತನ್ನ ವರದಿ ಸುಳ್ಳೆಂದು ತಾನೇ ಬರೆಯಬೇಕು. ಕಲ್ಲೇಶ ಅರ್ಜಿಯನ್ನು ಕಟ್ಟಿನೊಳಗೆ ಸೇರಿಸಿ, ದಾರ ಬಿಗಿದು, ಬೀರುವಿನ ತಳದಲ್ಲಿಟ್ಟ.

ಇಪ್ಪತ್ತಮೂರು ಭೇಟಿ, ಒಬ್ಬ ಸ್ವಯಂಸೇವಕ, ಬದುಕಿದ್ದ ಒಬ್ಬಳು ಮುದುಕಿ. ಹೋದದ್ದು ಇಷ್ಟು.